ತಾಳಕ್ಕೆ ಇಟ್ಟ ಸದ್ದು

ಕೃಷ್ಣರಾಜಪೇಟೆಯ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಒಂದು ಮಹಡಿಯ ಮೇಲೆ, ಪ್ರಮೀಳಾ ಇಪ್ಪತ್ತೆಂಟು ವರ್ಷ ಟೈಪಿಂಗ್ ಕಲಿಸಿದಳು. ಮುಂದಿನ ಕೋಣೆಯಲ್ಲಿ ಪಾಠ, ಹಿಂದಿನ ಕೋಣೆಯಲ್ಲಿ ಒಂಟಿ ಸಂಸಾರ. ಬರಬರುತ್ತಾ ಕಲಿಯುವವರು ನಿಂತುಹೋದರು, ಮೆಷಿನ್ನುಗಳನ್ನು ಗುಜರಿಯವನು ತೂಕಕ್ಕೆ ಹಾಕಿಕೊಂಡು ಹೋದ. ಒಂದು ಮೆಷಿನ್ನು, ಒಂದು ಹಳೇ ಕಂಪ್ಯೂಟರು ಮಾತ್ರ ಉಳಿಸಿಕೊಂಡಳು.

ಆ ಕಂಪ್ಯೂಟರಿನಲ್ಲೇ ಅವಳು ಸಂಗೀತ ಕಟ್ಟುತ್ತಿದ್ದುದು. ಹಾರ್ಮೋನಿಯಂ ಮುಟ್ಟಿದವಳೇ ಅಲ್ಲ. ಆದರೆ ಅಕ್ಷರದ ಗುಂಡಿಗಳನ್ನೇ ಸ್ವರ ಮಾಡಿಕೊಳ್ಳಬಹುದು ಅಂತ ಗೊತ್ತಾದ ಮೇಲೆ ಅವಳ ಬೆರಳಿಗೆ ಇನ್ನೇನೂ ಕಲಿಸಬೇಕಾಗಿರಲಿಲ್ಲ.

ತಾನು ಮೆಚ್ಚಿದವರಿಗೆ ಒಬ್ಬೊಬ್ಬರಿಗೂ ಒಂದೊಂದು ಕಟ್ಟುತ್ತಾ ಬಂದಳು. ಶ್ರೀರಂಗಪಟ್ಟಣದ ಮದುವೆಗಳಲ್ಲಿ ಕೇಳಿದ್ದ ನಾಗಸ್ವರದ ಮುದುಕನಿಗೆ ಒಂದು, ಪಾಂಡವಪುರದ ತಬಲದವನಿಗೆ ಒಂದು. ಮುಗಿಯುವ ಹೊತ್ತಿಗೆ ಕೇಳೋದಕ್ಕೆ ಆ ಇಬ್ಬರೂ ಇರಲಿಲ್ಲ. ಉಳಿದವರು ನಾಗಮಂಗಲದ ಶಿವಲಿಂಗಯ್ಯ ಮೇಷ್ಟ್ರು ಒಬ್ಬರೇ. ಇವರಾದರೂ ಇರುವಾಗಲೇ ಕೇಳಬೇಕು ಅನ್ನೋದೊಂದೇ ಅವಳ ಆಸೆ.

ಮೇಷ್ಟ್ರು ಪೌರಾಣಿಕ ನಾಟಕ ಕಲಿಸುವವರು. ಹದಿನಾಲ್ಕು ವರ್ಷ, ವಾರಕ್ಕೆ ಮೂರು ಸಂಜೆ, ಅವಳ ಪಕ್ಕದ ಹಾಲಿನಲ್ಲೇ ಅವರ ತಾಲೀಮು. ನಡುವೆ ಒಂದೇ ಗೋಡೆ. ಮಾತಾಡಿಸಿದ್ದಿಲ್ಲ, ಮೆಟ್ಟಿಲ ಮೇಲೆ ಮುಖ ನೋಡಿದ್ದೂ ನಾಕೈದು ಸಲ. ಭೀಮನ ಪಾತ್ರದವನು ಮಾತು ಮರೆತು ನಿಂತರೆ ಮೇಷ್ಟ್ರು ಹಾರ್ಮೋನಿಯಂ ನಿಲ್ಲಿಸುತ್ತಿರಲಿಲ್ಲ. ಅವನಿಗೆ ನೆನಪಾಗೋ ತನಕ ಅದೇ ರಾಗವನ್ನು ಹಿಂದಕ್ಕೂ ಮುಂದಕ್ಕೂ ತೂಗುತ್ತಿದ್ದರು, ಅಳೋ ಮಗೀನ ಸೊಂಟದ ಮೇಲೆ ಹಾಕ್ಕೊಂಡು ಓಡಾಡಿಸಿದ ಹಾಗೆ. ಪ್ರಮೀಳಾ ಪಾಠ ಹೇಳುತ್ತಲೇ ಕಿವಿ ಆ ಕಡೆ ಇಟ್ಟಿರುತ್ತಿದ್ದಳು. ಒಂದು ಯುಗಾದಿ ಕಳೆದ ಮೇಲೆ ಮೇಷ್ಟ್ರು ಬರಲಿಲ್ಲ. ಯಾಕೆ ಅಂತ ಯಾರನ್ನು ಕೇಳುವುದು?

ಆ ತೂಗಾಟವನ್ನೇ ಹಿಡಿದು ಆರು ನಿಮಿಷದ್ದೊಂದು ಕಟ್ಟಿದಳು. ತಾಳಕ್ಕೆ ತಬಲ ಬೇಡವೆನ್ನಿಸಿತು. ತನ್ನ ಟೈಪ್ ಮೆಷಿನ್ನಿನ ಟಕಟಕ ರೆಕಾರ್ಡು ಮಾಡಿ ಅದನ್ನೇ ಮೆಲ್ಲಗೆ ರಾಗದ ಕೆಳಗೆ ಇಟ್ಟಳು. ಗೋಡೆಯ ಆ ಕಡೆ ಅವರು, ಈ ಕಡೆ ತಾನು.

ಮೇಷ್ಟ್ರ ಫೋಟೋ ಹಾಕಿ, 'ಸ್ವರ ನಮನ' ಅಂತ ಬರೆದು, ಹಳೇ ಶಿಷ್ಯನೊಬ್ಬ ಈಚೆಗೆ ಅವಳನ್ನು ಸೇರಿಸಿದ್ದ ನಾಟಕದವರ ವಾಟ್ಸಾಪ್ ಗುಂಪಿಗೆ ಬಿಟ್ಟಳು. ಅರ್ಧ ಗಂಟೆಯಲ್ಲಿ ನಲವತ್ತೊಂದು ಜನ 'ಓಂ ಶಾಂತಿ' ಅಂದರು. ಹಾಡು ಹೇಗಿದೆ ಅಂತ ಒಬ್ಬರದೂ ಒಂದು ಮಾತಿಲ್ಲ.

ಮಾರನೇ ದಿನ ನಾಗಮಂಗಲದ ಬಸ್ಸು ಹತ್ತಿದಳು. ಬಾಗಿಲು ತೆಗೆದವಳು ಮೇಷ್ಟ್ರ ಸೊಸೆ ಬೆಟ್ಟಮ್ಮ.

“ನಾನು ಪ್ರಮೀಳಾ ಅಂತ. ಆ ಫೋಟೋ ಹಾಕಿದ್ದು...”

“ಓ, ನಮ್ಮಾವನ್ನ ಸಾಯಿಸ್ದೋರು ನೀವೇನಾ? ಬನ್ನಿ ಬನ್ನಿ. ನೆನ್ನೆಯಿಂದ ಮೂರು ಹೂವಿನಾರ ಬಂದವೆ. ಒಂದ ದೇವ್ರಿಗೆ ಹಾಕ್ದೆ, ಇನ್ನೆರಡ ಎಮ್ಮೆ ತಿಂದ್ಕತು.”

ಒಳಗೆ ಮಂಚದ ಮೇಲೆ ಕೂತಿದ್ದ ಮೇಷ್ಟ್ರು ನಗುತ್ತಿದ್ದರು. “ನಾನು ಹೋಗಿದ್ದು ನಂಗೇ ತಿಳೀನಿಲ್ಲ ಕಣವ್ವ. ಹತ್ತೊರ್ಸದಿಂದ ಮಕ ತೋರಿಸ್ದಿದ್ದೋನೊಬ್ಬ ಓಡ್ಬಂದ. ನಾನು ಟೀ ಕುಡೀತಾ ಕೂತಿರಾದ ನೋಡಿ ಅವನಿಗೇ ಬೇಜಾರಾಗೋಯ್ತು!”

ಅವಳು ತಪ್ಪಾಯ್ತು ಅಂದು, ಮೊಬೈಲನ್ನು ಅವರ ಕಿವಿಯ ಹತ್ತಿರ ಹಿಡಿದಳು. ಮೇಷ್ಟ್ರು ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ಅವರ ಬೆರಳುಗಳು ಮಂಡಿಯ ಮೇಲೆ ಆಡತೊಡಗಿದವು. ಇಷ್ಟು ವರ್ಷ ಬರೀ ಕೇಳಿದ್ದ ಬೆರಳನ್ನು ಪ್ರಮೀಳಾ ಅವತ್ತು ನೋಡಿದಳು.

“ನಂದೇ ಕಣವ್ವ ಇದು,” ಅಂದರು ಮುಗಿದ ಮೇಲೆ. “ಇಂಗೆ ತೂಗ್ತಿದ್ದೆ ಅಂತ ನಂಗೇ ಮರ್ತೋಗಿತ್ತು. ಎಲ್ಲಿ ಕೇಳ್ಕೊಂಡ್ಯೋ ಕಾಣೆ, ಬೋ ಚೆನ್ನಾಗಿ ಹಿಡ್ದಿದ್ದೀಯ. ಆದ್ರೆ ಕೆಳಗೆ ಆ ಟಕಟಕ ಯಾಕೆ ಮಡಗಿದ್ದೀಯ? ತೆಗೆದ್ಬುಡು.”

“ತಾಳಕ್ಕೆ ಅಂತ...”

“ಆ ಸದ್ದು ಕೇಳುದ್ರೆ ನಂಗೆ ಮೈ ಉರೀತದೆ. ಕೆ.ಆರ್. ಪ್ಯಾಟೇಲಿ ನಮ್ಮ ತಾಲೀಮಿನ ಪಕ್ಕ ಯಾವಳೋ ಟೈಪಿಂಗ್ನೋಳು ಇದ್ಲು. ಹೊತ್ತಿಲ್ಲ ಗೊತ್ತಿಲ್ಲ, ಟಕಟಕ ಟಕಟಕ. ನಮ್ ಹುಡುಗ್ರ ತಾಳವೆಲ್ಲ ಕೆಡೋದು. ಅವಳ ಕಾಟಕ್ಕೇ ಕಣವ್ವ ನಾನು ಆ ಜಾಗ ಬುಟ್ಟಿದ್ದು.”

ಬೆಟ್ಟಮ್ಮ ಟೀ ತಂದು ಕೊಟ್ಟಳು. ಲೋಟ ಸುಡುತ್ತಿತ್ತು, ಪ್ರಮೀಳಾ ಹಿಡಿದೇ ಇದ್ದಳು. 'ಅದು ನಾನೇ' ಅನ್ನೋ ಮಾತು ನಾಲಿಗೆ ತುದಿಗೆ ಬಂದಿತ್ತು. ಹೇಳಿದರೆ ಮೇಷ್ಟ್ರು ನಾಚಿಕೊಂಡಾರು, ಈ ವಯಸ್ಸಿನಲ್ಲಿ ತನಗೆ ಕೈ ಮುಗಿದಾರು. ಆಮೇಲೆ ಹಾಡು ಹಾಕಿದಾಗೆಲ್ಲ ಅವರಿಗೆ ಅದೇ ನೆನಪು.

“ತೆಗೀತೀನಿ ಮೇಷ್ಟ್ರೆ,” ಅಂದಳು.

ಮನೆಗೆ ಬಂದು ಸೀರೆ ಕೂಡ ಬದಲಿಸದೆ ಕಂಪ್ಯೂಟರಿನ ಮುಂದೆ ಕೂತಳು. ತೆರೆಯ ಮೇಲಿನ ಟಕಟಕದ ಗೆರೆ ಒಂದನ್ನು ಅಳಿಸಿದರೆ ಆಯಿತು, ಬೇರೆ ಕೆಲಸವಿಲ್ಲ. ಅಳಿಸಿ, ಮೊದಲಿಂದ ಕೇಳಿದಳು. ಮೇಷ್ಟ್ರ ಮಾತು ನಿಜ. ಅದಿಲ್ಲದೆಯೇ ಚೆನ್ನಾಗಿತ್ತು. ಅದನ್ನು ತಡೆದುಕೊಳ್ಳುವುದೇ ಅವಳಿಗೆ ಕಷ್ಟವಾಯಿತು. ಹೊರಡುವಾಗ ಬರೆದುಕೊಂಡಿದ್ದ ಬೆಟ್ಟಮ್ಮನ ನಂಬರಿಗೆ ಕಳಿಸಿದಳು.

ಮೂರು ದಿನದ ಮೇಲೆ ವಾಟ್ಸಾಪಿಗೆ ಬೆಟ್ಟಮ್ಮನ ವಾಯ್ಸ್ ಮೆಸೇಜು ಬಂತು. “ಅಕ್ಕೋ, ಮಾವ ಎರಡೊತ್ತೂ ಅದ್ನೇ ಹಾಕಿಸ್ಕೊಂಡು ಕೇಳ್ತಾವ್ರೆ. ಈಗ ಸರಿಯಾಯ್ತಂತೆ. ನಿಮ್ಮನೆ ಎಲ್ಲಿ ಅಂತ ಕೇಳು ಅಂದ್ರು, ಒಂದ್ಸಲ ಬಂದು ಹೋಗ್ತಾರಂತೆ.”

ಪ್ರಮೀಳಾ ಬಸ್ ಸ್ಟ್ಯಾಂಡಿನ ಹಿಂದೆ ಅಂತ ಬರೆದಳು. ಅಳಿಸಿದಳು. ಮೊದಲನೇ ಮಹಡಿ ಅಂತ ಬರೆದು ಅದನ್ನೂ ಅಳಿಸಿದಳು. ಕೊನೆಗೆ, 'ಮೇಷ್ಟ್ರಿಗೆ ಓಡಾಟ ಬೇಡ. ನಾನೇ ಬರ್ತೀನಿ' ಅಂತ ಕಳಿಸಿದಳು.