ಚೆಂಚಾಳ ಹೊಲದ ಹಳೆಯ ಅಂಕಿ

ನೀರಗಂಟಿ ಅಬುಂದಿಯೊ ತೂಬಿನ ಪಕ್ಕದ ಗುಡಿಸಲಲ್ಲಿ ಕೂತು ಪರದೆಯತ್ತ ಬೆರಳು ತೋರಿಸಿದ. "ನೋಡು ಚೆಂಚಾ, ನಿನ್ನ ಹೊಲ ಒದ್ದೆ ಅಂತಿದೆ. ಒದ್ದೆ ಹೊಲಕ್ಕೆ ನೀರು ಬಿಟ್ರೆ ಊರವರು ನನ್ನ ಚರ್ಮ ಸುಲೀತಾರೆ."

"ಅದು ಹಳೇ ಅಂಕಿ ಕಣಯ್ಯಾ! ಬಂದು ಮಣ್ಣು ಮುಟ್ಟಿ ನೋಡು, ಬೂದಿ ಆಗಿದೆ."

"ಮುಟ್ಟಿ ನೋಡೋ ಹಾಗಿಲ್ಲ. ಆ ನಿಯಮ ಮಾಡ್ಸಿದ್ದು ಯಾರು? ನಾನಾ?"

ಮಾಡಿಸಿದ್ದು ಅವಳೇ. ನೀರಿನ ಜಗಳದಲ್ಲಿ ಗಂಡ ಮಚ್ಚಿನೇಟು ತಿಂದು ಸತ್ತ ಮೇಲೆ, ಊರವರ ಸಾಮೂಹಿಕ ಜಮೀನಿನ ಎಹಿಡೋ ಸಭೆಯಲ್ಲಿ ಎದ್ದು ನಿಂತು, "ಮನುಷ್ಯರ ಕಣ್ಣಿಗೆ ಲಂಚ ಕೊಡಬಹುದು, ಯಂತ್ರಕ್ಕೆ ಕೊಡೋಕಾಗಲ್ಲ" ಎಂದು ಗಂಟಲು ಹರಿದುಕೊಂಡಿದ್ದಳು. ಹಾಗಾಗಿ ಪ್ರತಿ ಹೊಲದ ನಡುವೆ ಒಂದು ಪ್ಲಾಸ್ಟಿಕ್ ಊಟದ ಡಬ್ಬಿ ಬಂತು. ಅದರೊಳಗಿನ ಅಗ್ಗದ ಯಂತ್ರ ಮಣ್ಣಿನ ತೇವ ಅಳೆದು, ತಂತಿಯಿಲ್ಲದೆ ಗುಡಿಸಲಿನ ಪರದೆಗೆ ಕಳಿಸುತ್ತಿತ್ತು; ಪರದೆ ಒಣ ಎಂದರೆ ಮಾತ್ರ ನೀರು. ಡಬ್ಬಿ ಮುಟ್ಟಿದವರ ನೀರಿನ ಸರದಿ ರದ್ದು.

ಮೆಕ್ಕೆಜೋಳ ಮೊಣಕಾಲೆತ್ತರ ಇರುವಾಗ ಎಲ್ಲ ಸರಿಯಿತ್ತು. ಈಗ ಆಳೆತ್ತರ ಮೀರಿ ಬೆಳೆದು, ಅದರ ಹಸಿ ಎಲೆಗಳೇ ಸಂಕೇತವನ್ನು ನುಂಗಿಬಿಡುತ್ತಿದ್ದವು. ಪರದೆಯೋ, ಕಡೆಯ ಸಲ ಬಂದ ಅಂಕಿಯನ್ನೇ ಹಿಡಿದು ಕೂತಿತ್ತು. ಡಬ್ಬಿ ಕೂರಿಸಿದ ಕಾಲೇಜಿನ ಹುಡುಗಿ ಫೋನಿನಲ್ಲಿ, "ಮುಂದಿನ ವಾರ ಎತ್ತರದ ಕಂಬ ತರ್ತೀನಿ" ಎಂದಿದ್ದಳು. ಮುಂದಿನ ವಾರ ಯಾರಿಗೆ ಬೇಕು? ತೆನೆಗೆ ಎಳೆಗೂದಲು ಬಂದಿತ್ತು. ಇವತ್ತು ನೀರು ಸಿಗದಿದ್ದರೆ ಕಾಳು ಕಟ್ಟುವುದಿಲ್ಲ, ಮನೆಯಲ್ಲಿ ವರ್ಷಪೂರ್ತಿ ತೋರ್ತಿಯಾ ರೊಟ್ಟಿ ಇಲ್ಲ. ಸಂಜೆಯಾದರೆ ನೀರು ಕೆಳಗಿನೂರಿಗೆ.

ಚೆಂಚಾ ಗೋಡೆಗೆ ಸಿಕ್ಕಿಸಿದ್ದ ಮಚ್ಚು ಎಳೆದುಕೊಂಡಳು. ಅಬುಂದಿಯೊ ಹಿಂದೆ ಸರಿದು ಶಿಲುಬೆ ಗುರುತು ಮಾಡಿಕೊಂಡ.

"ಹೆದರ್ಬೇಡವೋ ಪುಕ್ಕಲ. ಪರದೆ ಮೇಲೆ ಕಣ್ಣಿಡು."

ಹೊಲಕ್ಕೆ ಓಡಿದಳು. ಡಬ್ಬಿಯ ಬುಡದಿಂದ ಗುಡಿಸಲ ಕಡೆಗೆ ನೇರವಾಗಿ ಜೋಳ ಕಡಿಯತೊಡಗಿದಳು. ತಾನೇ ಬಿತ್ತಿದ, ತಾನೇ ಕಳೆ ತೆಗೆದ ಜೋಳ. ಎಳೆ ತೆನೆಗಳು ಕಾಲ ಮೇಲೆ ಬೀಳುತ್ತಿದ್ದವು. ಅಳು ಉಕ್ಕಿ ಬಂತು; ಅತ್ತುಕೊಂಡೇ ಕಡಿದಳು.

"ಬಂತು! ಒಣಗಿದೆ ಅಂತಿದೆ!" ಅಬುಂದಿಯೊ ಕೂಗಿ ತೂಬು ತಿರುಗಿಸಿದ.

ನೀರು ಮೊದಲ ಸಾಲಿಗೆ ಬಂದಾಗ ಬದುವಿನಾಚೆ ಸದ್ದು ಕೇಳಿಸಿತು. ಪಕ್ಕದ ಹೊಲದ ರೆಮಿಹಿಯಾ ತನ್ನ ಜೋಳ ಕಡಿಯುತ್ತಿದ್ದಳು. ಅವಳ ಅಂಕಿಯೂ ಹಳೆಯದೇ.

"ಏ, ನಿಲ್ಸೇ! ನೀನು ಕಡಿದು ಮುಗಿಸೋ ಹೊತ್ತಿಗೆ ತೂಬು ಮುಚ್ತಾರೆ!" ಚೆಂಚಾ ಕೂಗಿದಳು.

"ಮುಚ್ಲಿ. ಮತ್ತೇನು ಮಾಡ್ಲಿ, ನೀನೇ ಹೇಳು. ನಿನ್ನ ನಿಯಮ ತಾನೆ?"

ಚೆಂಚಾ ಗುದ್ದಲಿ ತೆಗೆದುಕೊಂಡು ಬದು ಒಡೆದಳು.

"ಚೆಂಚಾ!" ಅಬುಂದಿಯೊ ಅಲ್ಲಿಂದಲೇ ಅರಚಿದ. "ನೀರು ತಿರುಗಿಸಿದ್ರೆ ಮುಂದಿನ ಸರದಿ ಇಲ್ಲ ನಿಂಗೆ!"

"ಬೇಡ ಬಿಡು!"

ನೀರು ಎರಡಾಗಿ ಹರಿಯಿತು. ಎರಡು ಹೊಲಕ್ಕೆ ಸಾಲುವಷ್ಟು ಅದರಲ್ಲಿ ಇರಲಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು. ಬದುವಿನ ಮೇಲೆ ನಿಂತು, ಎಷ್ಟು ಸಾಲಿಗೆ ಮುಟ್ಟುತ್ತದೋ ಎಂದು ಇಬ್ಬರೂ ನೋಡುತ್ತಿದ್ದರು.