ಕಸ್ತೂರೆವ್ವನ ತೋಳಿನ ಚಾಡಿಕೋರ

ನಾನು ಒಂದು ಸೆನ್ಸರ್. ನಾಣ್ಯದಷ್ಟು ಅಗಲ, ಚರ್ಮದೊಳಗೆ ಇಳಿಯಲು ಕೂದಲೆಳೆಯಂಥ ಒಂದು ತಂತಿ. ಎಲ್ಲೋ ದೂರದ ಕಾರ್ಖಾನೆಯಲ್ಲಿ ಹುಟ್ಟಿ, ಕೈಗವಸು ತೊಟ್ಟ ಎಷ್ಟೋ ಕೈಗಳನ್ನು ದಾಟಿ, ಹುಬ್ಬಳ್ಳಿಯ ಡಾಕ್ಟರೊಬ್ಬರ ಮೇಜಿಗೆ ಬಂದೆ. ಅವರು ನನ್ನನ್ನು ಕಸ್ತೂರೆವ್ವನ ತೋಳಿಗೆ ಟಪಕ್ಕನೆ ಅಂಟಿಸಿದರು. ಅವಳ ರಕ್ತದ ಸಕ್ಕರೆ ಏರಿತೋ ಇಳಿಯಿತೋ ನೋಡಿ ಮೊಬೈಲಿಗೆ ತಿಳಿಸುವುದು ನನ್ನ ಕೆಲಸ. ಮುಂದೇನಾದೀತೆಂದು ಊಹಿಸುವ ಕೃತಕ ಬುದ್ಧಿಮತ್ತೆ ಆ ಮೊಬೈಲಿನೊಳಗಿತ್ತು.

ಕಸ್ತೂರೆವ್ವ ಖಾನಾವಳಿಯವಳು. ದಿನವಿಡೀ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಒಂದೊಂದು ಬಡಿತಕ್ಕೂ ನಾನು ಜೋಕಾಲಿಯಾಡುತ್ತಿದ್ದೆ. ಅವಳು ಕದ್ದು ಒಂದು ಹೋಳಿಗೆ ತಿಂದರೂ ಸಾಕು, ನಾನು ಬಾಯಿಬಿಡುತ್ತಿದ್ದೆ. ಮೊಬೈಲು ಕೂಗುತ್ತಿತ್ತು, ನಾದಿನಿ ನಿಂಬೆವ್ವ ನಗುತ್ತಿದ್ದಳು.

"ಚಾಡಿಕೋರ! ಮನ್ಯಾಗ ನಿಂಬಿ ಒಬ್ಬಾಕಿ ಸಾಲಲಿಲ್ಲಂತ ನೀ ಬಂದಿ," ಎಂದು ಕಸ್ತೂರೆವ್ವ ನನ್ನನ್ನು ಬೈಯುತ್ತಿದ್ದಳು. ನನಗೆ ಆ ಬೈಗುಳವೂ ಇಷ್ಟವೇ.

ಶ್ರಾವಣ ಸೋಮವಾರ ಬಂತು. ಮಗಳಿಗೆ ದಿನ ತುಂಬಿತ್ತು. ಹೆರಿಗೆ ಸುಸೂತ್ರವಾಗಲಿ ಎಂದು ಕಸ್ತೂರೆವ್ವ ಸಂಜೆಯ ಪೂಜೆಯ ತನಕ ಉಪವಾಸ ಹಿಡಿದಳು. ಸಕ್ಕರೆ ಇಳಿಸುವ ಬೆಳಗಿನ ಇನ್ಸುಲಿನ್ ಮಾತ್ರ ತಪ್ಪಿಸಲಿಲ್ಲ. "ಸೂಜಿ ಏನ್ ಕೂಳಲ್ಲ, ಅದರಿಂದ ಉಪವಾಸ ಮುರಿಯೂದಿಲ್ಲ" ಎಂಬುದು ಅವಳ ನ್ಯಾಯ. ಕೃತಕ ಬುದ್ಧಿಗೆ ಅವಳ ಊಟದ ಹೊತ್ತು ಗೊತ್ತಿತ್ತು, ಶ್ರಾವಣ ಗೊತ್ತಿರಲಿಲ್ಲ. ಆದರೂ ಮಧ್ಯಾಹ್ನ ನಾನು ಕಳಿಸಿದ ಅಂಕಿಗಳು ಜಾರುವುದನ್ನು ಕಂಡು, ಸಕ್ಕರೆ ಅಪಾಯಕ್ಕೆ ಇಳಿಯುತ್ತಿದೆ, ಕೂಡಲೇ ಸಿಹಿ ತಿನ್ನಿ ಎಂದು ಅರಚಿಕೊಂಡಿತು.

ರೊಟ್ಟಿ ಬಡಿಯುವ ಕೈ ತಾಳ ತಪ್ಪಿತು. ತೋಳು ತಣ್ಣಗೆ ಬೆವೆತಿತು. ನಿಂಬೆವ್ವ ಬೆಲ್ಲ ಹಿಡಿದು ಓಡಿ ಬಂದಳು.

"ಒಲ್ಲೆ. ಮಗಳ ಸಲುವಾಗಿ ಹಿಡದೇನಿ, ಮುರಿಯಂಗಿಲ್ಲ," ಎಂದು ಕಸ್ತೂರೆವ್ವ ನಡುಗುತ್ತಲೇ ಹಟ ಹಿಡಿದಳು.

ನಿಂಬೆವ್ವ ವಾದಕ್ಕೆ ನಿಲ್ಲಲಿಲ್ಲ. ಹಿಟ್ಟು ಮೆತ್ತಿದ ಕೈಯಲ್ಲೇ ಶಿವನ ಪಟದ ಮುಂದೆ ಬೆಲ್ಲ ಇಟ್ಟು, ಊದಿನಕಡ್ಡಿ ಬೆಳಗಿ, ತಿರುಗಿದಳು.

"ವೈನಿ, ಪೂಜಿ ಆತು. ಇದು ಈಗ ಬೆಲ್ಲ ಅಲ್ಲ, ಪ್ರಸಾದ. ಪ್ರಸಾದ ಒಲ್ಲೆ ಅಂತಿಯೇನು?"

ಕಸ್ತೂರೆವ್ವ ಬಾಯಿ ತೆರೆದಳು. ತುಸು ಹೊತ್ತಿಗೆ ಅಂಕಿ ಮೆಲ್ಲಗೆ ಏರತೊಡಗಿತು.

ನನ್ನ ಆಯುಷ್ಯ ಎರಡೇ ವಾರ. ಇಂದು, ಮತ್ತೊಂದು ಸೋಮವಾರ, ನನ್ನನ್ನು ಕಿತ್ತು ಹೊಸಬನನ್ನು ಇನ್ನೊಂದು ತೋಳಿಗೆ ಅಂಟಿಸಿದರು. ಅಡುಗೆಮನೆಯ ಕಸದ ಬುಟ್ಟಿಯಲ್ಲಿ, ಉಳ್ಳಾಗಡ್ಡಿ ಸಿಪ್ಪೆಯ ನಡುವೆ ಬಿದ್ದಿದ್ದೇನೆ. ಚಾಡಿ ಹೇಳಿಯೂ ಪುಣ್ಯ ಕಟ್ಟಿಕೊಂಡವನು ನಾನೊಬ್ಬನೇ ಇರಬೇಕು! ಮಗಳಿಗೆ ಹೆಣ್ಣು ಕೂಸು ಹುಟ್ಟಿದೆ. ಅದರ ಸಲುವಾಗಿ ಕಸ್ತೂರೆವ್ವ ಇಂದೂ ಉಪವಾಸ. ಆದರೆ ಉಪವಾಸದ ದಿನ ಇನ್ಸುಲಿನ್ ಎಷ್ಟು ಚುಚ್ಚಿಕೊಳ್ಳಬೇಕೆಂದು ಈ ಸಲ ಡಾಕ್ಟರರನ್ನು ಕೇಳಿಕೊಂಡು ಬಂದಿದ್ದಾಳೆ. ಒಲೆ ಹೊತ್ತಿಸುವ ಮೊದಲೇ ಶಿವನ ಮುಂದೆ ಬೆಲ್ಲ ಇಟ್ಟು ಕೈಮುಗಿದಳು. ಆಮೇಲೆ ತೋಳಿನ ಹೊಸಬನನ್ನು ತಟ್ಟಿ ಹೇಳಿದಳು:

"ಪ್ರಸಾದ ತಯಾರೈತಿ. ನೀ ಯಾವಾಗ ಬೇಕಾದರ ಚಾಡಿ ಹೇಳು."