ತಲೆಕೆಳಗಿನ ಹೂಗಳು

ಕಸೂತಿಯವಳ ಮಗಳು ಆಸ್ಪತ್ರೆಯ ಗಾಜಿನ ಕೋಣೆ ಸೇರಿ ಬಹಳ ದಿನವಾಗಿತ್ತು. ರಕ್ತದಲ್ಲಿ ಕಸುವಿಲ್ಲ, ಹೊರಗಿನವರ ಉಸಿರು ತಾಗಿದರೂ ಜೀವಕ್ಕೆ ಅಪಾಯ ಎಂದು ಡಾಕ್ಟರು ತಾಯಿಯನ್ನೂ ಹೊರಗಿಟ್ಟಿದ್ದರು. ಹೆತ್ತವಳು ಹೊರಗಿನವಳಂತೆ! ಗಾಜಿಗೆ ಹಣೆ ಹಚ್ಚಿ ನಿಲ್ಲುವುದಷ್ಟೇ ಅವಳ ಪಾಲಿಗೆ ಉಳಿದದ್ದು.

ಕಾಯಿಲೆ ಬಿದ್ದ ದಿನವೇ ಮಗಳು ಗಿರಾಕಿಯ ಬಟ್ಟೆಗೆ ಕತ್ತರಿ ಆಡಿಸಿದ್ದಳು. ಇವಳು ಬೆನ್ನಿಗೆ ಎರಡು ಬಾರಿಸಿದ್ದಳು. ಸಂಜೆಗೆ ಮೈ ಕೆಂಡವಾಯಿತು, ರಾಜಿಯಾಗಲು ಪುರಸೊತ್ತೇ ಸಿಗಲಿಲ್ಲ.

ಅವರಿಬ್ಬರ ರಾಜಿಗೂ ಒಂದು ಕ್ರಮವಿತ್ತು. ಮಗಳ ಕರ್ಚೀಫಿನಲ್ಲಿ ಒಂದು ಕಸೂತಿ ಹೂ. ಶಾಲೆಗೆ ಹೊರಡುವಾಗ ಅಮ್ಮ ಅದನ್ನು ಮಗಳ ಕಣ್ಣಿಗೆ ನೆಟ್ಟಗೆ ಕಾಣುವಂತೆ ಫ್ರಾಕಿಗೆ ಪಿನ್ನು ಮಾಡಿದರೆ ಎಲ್ಲ ಸರಿ. ಹೂ ತಲೆಕೆಳಗಾಗಿದ್ದರೆ ಅಮ್ಮ ಟೂ ಬಿಟ್ಟಿದ್ದಾಳೆ ಎಂದರ್ಥ.

ಅದಕ್ಕೇ ಈಗ ತಾಯಿ ಮಗಳ ಹೊದಿಕೆಯ ತುಂಬ ಹೂ ಹಾಕಿದಳು, ಒಂದೊಂದೂ ನೆಟ್ಟಗೆ. ನರ್ಸಮ್ಮ ಅದನ್ನು ಕುದಿಸಿ ಒಣಗಿಸಿ ಹೊದಿಸಿದಳು. ಮಗಳು ಹೂಗಳನ್ನು ನೋಡಿದಳು. ನೋಡಿ, ಗೋಡೆಯ ಕಡೆ ಹೊರಳಿದಳು. ಗಂಜಿಯನ್ನೂ ಬಾಯಿಗೆ ಸೇರಿಸಲಿಲ್ಲ.

ತಾಯಿಗೆ ಆಗ ಹೊಳೆಯಿತು. ಹಾಸಿಗೆಯ ಬಟ್ಟೆಯಲ್ಲಿ ಹೂವಿನ ತಲೆ ದಿಂಬಿನ ಕಡೆಗಿರಬೇಕು, ಬಾಗಿಲಲ್ಲಿ ನಿಂತವರಿಗೆ ಚೆಂದ ಕಾಣಬೇಕಲ್ಲ. ಮಲಗಿದವರನ್ನು ಯಾರು ಕೇಳುತ್ತಾರೆ? ಹಾಳಾದ ಕೈ ರೂಢಿಯಂತೆ ಓಡಿತ್ತು. ಮಲಗಿದ ಮಗಳಿಗೆ ಕಂಡದ್ದು ತಲೆಕೆಳಗಾದ ಹೂಗಳು, ಹೊದಿಕೆಯ ತುಂಬ ಅಮ್ಮನ ಸಿಟ್ಟು.

"ನರ್ಸಮ್ಮಾ, ಅದನ್ನ ತಿರುಗ್ಸಿ ಹೊದ್ಸಿ, ನಿಮ್ ಕಾಲಿಗ್ ಬೀಳ್ತೀನಿ! ನಂಗಿನ್ನೂ ಸಿಟ್ಟಿದೆ ಅನ್ಕೊಂಡಿದಾಳೆ."

"ಹೂವಿಗೂ ಸಿಟ್ಟಾ ಅಕ್ಕಾ?" ಎಂದರೂ ನರ್ಸಮ್ಮ ಗೌನು ತೊಟ್ಟು ಒಳಗೆ ಹೋದಳು. ಹೊದಿಕೆ ತಿರುಗಿಸಿ ಹುಡುಗಿಯ ಕಿವಿಯಲ್ಲಿ ಏನೋ ಹೇಳಿದಳು. ಹುಡುಗಿ ಮೆಲ್ಲಗೆ ಇತ್ತ ಹೊರಳಿ ಒಂದು ಹೂವಿನ ಮೇಲೆ ಬೆರಳಾಡಿಸಿದಳು. ತುಟಿ ಅಲುಗಿತು. ತಾಯಿಯ ಕಣ್ಣು ತುಂಬಿ ಬಂತು.

ನರ್ಸಮ್ಮ ಹೊರಗೆ ಬಂದವಳು ತಲೆ ಎತ್ತಲಿಲ್ಲ.

"ಏನಂದ್ಳು? ಹೇಳಮ್ಮಾ!"

"ಸಿಟ್ಟು ಹೋಗಿದ್ರೆ ಅಮ್ಮ ಒಳಗ್ಯಾಕೆ ಬರ್ತಿಲ್ಲ ಅಂತ ಕೇಳಿದ್ಳು."

ತಾಯಿ ಬಾಗಿಲಿನ ಹಿಡಿಗೆ ಕೈ ಹಾಕಿಯೇಬಿಟ್ಟಳು. ಮಗಳು ಆಸೆಗಣ್ಣಿನಿಂದ ಆ ಕೈಯನ್ನೇ ನೋಡುತ್ತಿದ್ದಳು. ತನ್ನ ಉಸಿರು ಗಾಜನ್ನು ಮಂಜು ಮಾಡುತ್ತಿರುವುದು ತಾಯಿಗೆ ಕಂಡಿತು. ಬಾಯಿಗೆ ಸೆರಗು ಒತ್ತಿಕೊಂಡು, ಮಗಳ ಕಣ್ಣೆದುರೇ, ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.